ಮತ ಕದಲಲಿಲ್ಲ, 38 ಸೀಟು ಹೋದವು: 2023ರ ಕರ್ನಾಟಕ ಫಲಿತಾಂಶದ ಒಳಲೆಕ್ಕ

2018ರ ವಿಧಾನಸಭಾ ಚುನಾವಣೆಯಲ್ಲಿ ಬಿಜೆಪಿಗೆ ರಾಜ್ಯದಲ್ಲಿ ಬಿದ್ದ ಮತ ಸುಮಾರು ಶೇ. 36. 2023ರ ಮೇ 10ರಂದು ಮತದಾನ ನಡೆದು 13ರಂದು ಎಣಿಕೆಯಾದಾಗ ಬಿದ್ದದ್ದೂ ಶೇ. 36. ದಶಮಾಂಶದ ಆಚೆ ಈಚೆ ಬಿಟ್ಟರೆ ಪ್ರಮಾಣ ಇದ್ದಲ್ಲೇ ಇತ್ತು. ಆದರೆ ಸೀಟು 104ರಿಂದ 66ಕ್ಕೆ ಇಳಿಯಿತು. ಕಾಂಗ್ರೆಸ್ ಶೇ. 38ರಿಂದ ಸುಮಾರು 43ಕ್ಕೆ ಏರಿ 80ರಿಂದ 135ಕ್ಕೆ ಜಿಗಿಯಿತು. ಜೆಡಿಎಸ್ ಶೇ. 18ರಿಂದ 13ಕ್ಕೆ ಕುಸಿದು 37 ಸೀಟಿನಿಂದ 19ಕ್ಕೆ ಇಳಿಯಿತು.

ಈ ಅಂಕಿಗಳನ್ನು ನೋಡಿದವರು ಸಾಮಾನ್ಯವಾಗಿ ಹೇಳುವುದು ಒಂದೇ ಮಾತು: ‘ಜೆಡಿಎಸ್‌ನ ಶೇ. 5 ಮತ ಕಾಂಗ್ರೆಸ್‌ಗೆ ಹೋಯಿತು, ಬಿಜೆಪಿ ಮತ ಹಾಗೇ ಉಳಿಯಿತು.’ ರಾಜ್ಯದ ಮೊತ್ತ ನೋಡಿದರೆ ಹಾಗೇ ಕಾಣುತ್ತದೆ. ಆದರೆ ಜೆಡಿಎಸ್ ಕಳೆದುಕೊಂಡದ್ದು 18 ಸೀಟು, ಕಾಂಗ್ರೆಸ್ ಗಳಿಸಿದ್ದು 55. ಉಳಿದ 37 ಸೀಟು ಎಲ್ಲಿಂದ ಬಂದವು? ಬಿಜೆಪಿಯ ಮತ ಕದಲದೆ ಇದ್ದಿದ್ದರೆ ಅದರ ಸೀಟು ಕದಲಿದ್ದು ಹೇಗೆ? ಈ ಪ್ರಶ್ನೆಗೆ ಉತ್ತರ ರಾಜ್ಯದ ಮೊತ್ತದಲ್ಲಿ ಸಿಗುವುದಿಲ್ಲ. 224 ಕ್ಷೇತ್ರಗಳನ್ನು ಪ್ರದೇಶವಾರು ಬಿಡಿಸಿದರೆ ಮಾತ್ರ ಸಿಗುತ್ತದೆ.

ಮೊದಲು ನಿಯಮ. ನಮ್ಮಲ್ಲಿ ಒಂದು ಕ್ಷೇತ್ರಕ್ಕೆ ಒಬ್ಬ ಶಾಸಕ, ಎಲ್ಲರಿಗಿಂತ ಒಂದು ಮತ ಹೆಚ್ಚು ಪಡೆದವರು ಗೆದ್ದಂತೆ. ಅರ್ಧಕ್ಕಿಂತ ಹೆಚ್ಚು ಮತ ಬೇಕಿಲ್ಲ. ಎಷ್ಟು ಅಂತರದಲ್ಲಿ ಗೆದ್ದರೂ ಸೀಟು ಒಂದೇ. 2023ರಲ್ಲಿ ಕನಕಪುರದಲ್ಲಿ ಡಿ.ಕೆ. ಶಿವಕುಮಾರ್ 1,22,392 ಮತಗಳ ಅಂತರದಲ್ಲಿ ಗೆದ್ದರು. ಅದೇ ಚುನಾವಣೆಯಲ್ಲಿ ಜಯನಗರದಲ್ಲಿ ಬಿಜೆಪಿಯ ಸಿ.ಕೆ. ರಾಮಮೂರ್ತಿ ಗೆದ್ದದ್ದು 16 ಮತಗಳಿಂದ, ಗಾಂಧಿನಗರದಲ್ಲಿ ಕಾಂಗ್ರೆಸ್ಸಿನ ದಿನೇಶ್ ಗುಂಡೂರಾವ್ ಗೆದ್ದದ್ದು 105 ಮತಗಳಿಂದ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಒಂದೇ ಒಂದು ಮತದಿಂದ ಗೆದ್ದಿದ್ದರು. ಸದನದಲ್ಲಿ ಈ ಎಲ್ಲ ಗೆಲುವಿಗೂ ಬೆಲೆ ಒಂದೇ.

ಅಂದರೆ ಮತ ಎರಡು ರೀತಿಯಲ್ಲಿ ಸೀಟಾಗದೆ ಉಳಿಯುತ್ತದೆ: ಸೋತ ಕ್ಷೇತ್ರದಲ್ಲಿ ಬಿದ್ದ ಮತ, ಮತ್ತು ಗೆದ್ದ ಕ್ಷೇತ್ರದಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಬಿದ್ದ ಮತ. ಒಂದು ಊಹೆಯ ಲೆಕ್ಕ ನೋಡಿ. ಮೂರು ಕ್ಷೇತ್ರಗಳಲ್ಲೂ ಎದುರಾಳಿಗೆ ತಲಾ 65,000 ಮತ ಇದೆ ಎಂದಿಟ್ಟುಕೊಳ್ಳೋಣ. ಒಂದು ಪಕ್ಷ ಮೊದಲೆರಡರಲ್ಲಿ 70,000, ಮೂರನೆಯದರಲ್ಲಿ 20,000 ಪಡೆದರೆ ಒಟ್ಟು 1,60,000 ಮತಕ್ಕೆ ಎರಡು ಸೀಟು. ಮುಂದಿನ ಸಲ ಮೊದಲೆರಡರಲ್ಲಿ 60,000ಕ್ಕೆ ಇಳಿದು ಮೂರನೆಯದರಲ್ಲಿ 40,000ಕ್ಕೆ ಏರಿದರೆ ಒಟ್ಟು ಮತ ಅಷ್ಟೇ 1,60,000. ಸೀಟು ಸೊನ್ನೆ. ಮೂರನೆಯ ಕ್ಷೇತ್ರದಲ್ಲಿ ಮತ ಇಮ್ಮಡಿಯಾದದ್ದು ಪಕ್ಷದ ಶೇಕಡಾವಾರನ್ನು ಕಾಪಾಡಿತು, ಶಾಸಕರನ್ನು ಕೊಡಲಿಲ್ಲ.

2023ರಲ್ಲಿ ಬಿಜೆಪಿಗೆ ಆದದ್ದು ಹೆಚ್ಚುಕಡಿಮೆ ಇದೇ. ಬೆಂಗಳೂರಿನಲ್ಲೂ ಹಳೆ ಮೈಸೂರು ಭಾಗದಲ್ಲೂ ಅದರ ಮತ ಹೆಚ್ಚಿತು. ಕಿತ್ತೂರು ಕರ್ನಾಟಕ, ಮಲೆನಾಡು, ಮಧ್ಯ ಕರ್ನಾಟಕದಲ್ಲಿ ಕಡಿಮೆಯಾಯಿತು. ಒಂದು ಕಡೆಯ ಏರಿಕೆ ಇನ್ನೊಂದು ಕಡೆಯ ಇಳಿಕೆಯನ್ನು ಮುಚ್ಚಿಹಾಕಿ ಮೊತ್ತ ಶೇ. 36ರಲ್ಲೇ ನಿಂತಿತು. ಇಳಿದದ್ದು ಅದು ಗೆಲ್ಲುತ್ತಿದ್ದ ಜಾಗಗಳಲ್ಲಿ. ಹಳೆ ಮೈಸೂರಿನಲ್ಲಿ ಏರಿದ್ದು ಬಹುಪಾಲು ಅದು ಮೂರನೆಯ ಸ್ಥಾನದಲ್ಲಿದ್ದ ಜಾಗಗಳಲ್ಲಿ. ಒಂದು ಕ್ಷೇತ್ರದಲ್ಲಿ ಶೇ. 8ರಿಂದ 18ಕ್ಕೆ ಏರುವುದು ಸಂಘಟನೆಯ ದೃಷ್ಟಿಯಿಂದ ದೊಡ್ಡ ಸಾಧನೆ. ಠೇವಣಿ ಉಳಿಯಲು ಸಿಂಧು ಮತಗಳ ಆರನೇ ಒಂದಂಶ, ಅಂದರೆ ಶೇ. 16.67 ದಾಟಬೇಕು, ಅದನ್ನೂ ದಾಟಿದಂತಾಯಿತು. ಗೆಲ್ಲಲು ಅಲ್ಲಿಂದ ಇನ್ನೂ ಬಹಳ ದೂರವಿರುತ್ತದೆ.

ಈಗ ಆ 38 ಸೀಟು ಎಲ್ಲೆಲ್ಲಿ ಹೋದವು ಎಂದು ನೋಡೋಣ.

ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ, ಗದಗ, ಹಾವೇರಿ ಸೇರಿದ ಕಿತ್ತೂರು ಕರ್ನಾಟಕದಲ್ಲಿ 50 ಕ್ಷೇತ್ರಗಳಿವೆ. 2018ರಲ್ಲಿ ಬಿಜೆಪಿ 30, ಕಾಂಗ್ರೆಸ್ 17. 2023ರಲ್ಲಿ ಕಾಂಗ್ರೆಸ್ 33, ಬಿಜೆಪಿ 16. ಇಲ್ಲಿನ ಬಹುತೇಕ ಕ್ಷೇತ್ರಗಳಲ್ಲಿ ನೇರ ಹಣಾಹಣಿ, ಜೆಡಿಎಸ್ ಲೆಕ್ಕಕ್ಕೆ ಬರುವುದು ಕೆಲವೇ ಕಡೆ. ನೇರ ಹಣಾಹಣಿಯಲ್ಲಿ ಒಬ್ಬರಿಂದ ಇನ್ನೊಬ್ಬರಿಗೆ ಹೋದ ಒಂದು ಮತ ಅಂತರವನ್ನು ಎರಡರಷ್ಟು ಬದಲಿಸುತ್ತದೆ: ಒಬ್ಬರದ್ದು ಒಂದು ಇಳಿಯಿತು, ಇನ್ನೊಬ್ಬರದ್ದು ಒಂದು ಏರಿತು. ಹಾಗಾಗಿ ಶೇ. 3 ಮತ ಕೈ ಬದಲಾದರೆ ಶೇ. 6ರ ಅಂತರದಲ್ಲಿ ಗೆದ್ದಿದ್ದ ಕ್ಷೇತ್ರಗಳೂ ಅಪಾಯಕ್ಕೆ ಬರುತ್ತವೆ. ಹಾವೇರಿ ಜಿಲ್ಲೆ ಇದಕ್ಕೆ ಒಳ್ಳೆಯ ನಿದರ್ಶನ. ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರ ತವರು ಜಿಲ್ಲೆ ಅದು, ಆರು ಕ್ಷೇತ್ರ. ಅವರ ಶಿಗ್ಗಾವಿ ಒಂದು ಉಳಿಯಿತು, ಮಿಕ್ಕ ಐದೂ ಕಾಂಗ್ರೆಸ್ ಪಾಲು.

ನಿಜವಾದ ಕುಸಿತ ಕಂಡದ್ದು ಮಧ್ಯದಲ್ಲಿ. ಶಿವಮೊಗ್ಗ, ಚಿಕ್ಕಮಗಳೂರು, ದಾವಣಗೆರೆ, ಚಿತ್ರದುರ್ಗ, ಕೊಡಗು ಈ ಐದು ಜಿಲ್ಲೆಗಳಲ್ಲಿ ಒಟ್ಟು 27 ಕ್ಷೇತ್ರ. 2018ರಲ್ಲಿ ಬಿಜೆಪಿ 22 ಗೆದ್ದಿತ್ತು. 2023ರಲ್ಲಿ 5. ಚಿಕ್ಕಮಗಳೂರಿನ ಐದಕ್ಕೆ ಐದು, ಕೊಡಗಿನ ಎರಡಕ್ಕೆ ಎರಡು ಕಾಂಗ್ರೆಸ್ ಗೆದ್ದಿತು. ದಾವಣಗೆರೆಯಲ್ಲಿ ಬಿಜೆಪಿಗೆ ಸಿಕ್ಕಿದ್ದು ಹರಿಹರ ಮಾತ್ರ, ಚಿತ್ರದುರ್ಗದಲ್ಲಿ ಹೊಳಲ್ಕೆರೆ ಮಾತ್ರ. ರಾಜ್ಯದ ಕ್ಷೇತ್ರಗಳಲ್ಲಿ ಎಂಟನೇ ಒಂದು ಭಾಗಕ್ಕಿಂತಲೂ ಕಡಿಮೆ ಇರುವ ಈ ಪಟ್ಟಿಯೊಂದರಲ್ಲೇ 17 ಸೀಟು ಕರಗಿದವು. 2023ರ ಬಗ್ಗೆ ಒಂದೇ ಅಂಕಿ ನೆನಪಿಟ್ಟುಕೊಳ್ಳಬೇಕೆಂದರೆ ಈ 22ರಿಂದ 5ನ್ನು ನೆನಪಿಡಿ.

ಕಲ್ಯಾಣ ಕರ್ನಾಟಕದ 41ರಲ್ಲಿ ಬಿಜೆಪಿ 16ರಿಂದ 10ಕ್ಕೆ ಇಳಿಯಿತು, ಕಾಂಗ್ರೆಸ್ 21ರಿಂದ 26ಕ್ಕೆ ಏರಿತು. ಒಳಗೆ ಏಕರೂಪವಿಲ್ಲ. ಬೀದರ್‌ನಲ್ಲಿ ಬಿಜೆಪಿ 1ರಿಂದ 4ಕ್ಕೆ ಬೆಳೆಯಿತು. ಬಳ್ಳಾರಿ ಜಿಲ್ಲೆಯ ಐದೂ ಕಾಂಗ್ರೆಸ್‌ಗೆ ಹೋದವು. ಜನಾರ್ದನ ರೆಡ್ಡಿ ತಮ್ಮದೇ ಕಲ್ಯಾಣ ರಾಜ್ಯ ಪ್ರಗತಿ ಪಕ್ಷದಿಂದ ಗಂಗಾವತಿಯಲ್ಲಿ ಗೆದ್ದರು. ಕರಾವಳಿಯಲ್ಲಿ, ಅಂದರೆ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡದ 19ರಲ್ಲಿ, ಬಿಜೆಪಿ 16ರಿಂದ 13ಕ್ಕೆ ಬಂತು. ಉಡುಪಿಯ ಐದಕ್ಕೆ ಐದು ಉಳಿದವು. ಶಿರಸಿಯಲ್ಲಿ ಸ್ಪೀಕರ್ ಆಗಿದ್ದ ವಿಶ್ವೇಶ್ವರ ಹೆಗಡೆ ಕಾಗೇರಿ ಸೋತರು.

ಬೆಂಗಳೂರಿನ 28 ಕ್ಷೇತ್ರಗಳ ಕಥೆ ಬೇರೆ. ರಾಜ್ಯ ಗೆದ್ದ ಕಾಂಗ್ರೆಸ್ ಇಲ್ಲಿ 15ರಿಂದ 12ಕ್ಕೆ ಇಳಿಯಿತು, ರಾಜ್ಯ ಸೋತ ಬಿಜೆಪಿ 11ರಿಂದ 16ಕ್ಕೆ ಏರಿತು. ಇದನ್ನು ‘ನಗರದ ಮತದಾರರು ಬಿಜೆಪಿ ಕಡೆ ಬಂದರು’ ಎಂದು ಓದುವ ಮುನ್ನ ಕ್ಷೇತ್ರಗಳ ಹೆಸರು ನೋಡಬೇಕು. ಬಿಜೆಪಿಗೆ ಹೊಸದಾಗಿ ಸೇರಿದ್ದು ಆರು: ಯಶವಂತಪುರ, ಕೆ.ಆರ್. ಪುರ, ಮಹಾಲಕ್ಷ್ಮಿ ಲೇಔಟ್, ರಾಜರಾಜೇಶ್ವರಿನಗರ, ದಾಸರಹಳ್ಳಿ, ಜಯನಗರ. ಕಳೆದುಕೊಂಡದ್ದು ಒಂದು, ಗೋವಿಂದರಾಜನಗರ. ಆರರಲ್ಲಿ ಮೊದಲ ನಾಲ್ಕರಲ್ಲಿ 2018ರಲ್ಲಿ ಗೆದ್ದವರೂ 2023ರಲ್ಲಿ ಗೆದ್ದವರೂ ಅದೇ ವ್ಯಕ್ತಿಗಳು. ನಡುವೆ ಅವರ ಪಕ್ಷ ಬದಲಾಯಿತು.

ಇಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. ಸೀಟಿನ ಏರಿಳಿತವನ್ನು ಯಾವುದಕ್ಕೆ ಹೋಲಿಸುತ್ತಿದ್ದೇವೆ? 2018ರ ಫಲಿತಾಂಶಕ್ಕೋ, 2023ರ ಚುನಾವಣೆಗೆ ಮುಂಚೆ ಸದನದಲ್ಲಿದ್ದ ಬಲಕ್ಕೋ? ಎರಡೂ ಒಂದೇ ಅಲ್ಲ. 2018ರಲ್ಲಿ ಬಿಜೆಪಿ 104ಕ್ಕೆ ನಿಂತಿತು, ಬಹುಮತಕ್ಕೆ ಬೇಕಾದ್ದು 113. ಯಡಿಯೂರಪ್ಪ ಮೇ 17ರಂದು ಪ್ರಮಾಣವಚನ ಸ್ವೀಕರಿಸಿ 19ರಂದು ರಾಜೀನಾಮೆ ಕೊಟ್ಟರು, ಕಾಂಗ್ರೆಸ್ ಬೆಂಬಲದಿಂದ ಜೆಡಿಎಸ್‌ನ ಕುಮಾರಸ್ವಾಮಿ ಮುಖ್ಯಮಂತ್ರಿಯಾದರು. 2019ರ ಜುಲೈನಲ್ಲಿ ಎರಡೂ ಮಿತ್ರಪಕ್ಷಗಳ ಶಾಸಕರ ರಾಜೀನಾಮೆಗಳ ನಂತರ ವಿಶ್ವಾಸಮತ 99ಕ್ಕೆ 105ರಲ್ಲಿ ಬಿದ್ದುಹೋಯಿತು, 17 ಮಂದಿ ಅನರ್ಹರಾದರು. ಅದೇ ಡಿಸೆಂಬರ್‌ನಲ್ಲಿ 15 ಕ್ಷೇತ್ರಗಳಿಗೆ ಉಪಚುನಾವಣೆ ನಡೆದು ಬಿಜೆಪಿ 12 ಗೆದ್ದಿತು. ಹೀಗಾಗಿ 2023ಕ್ಕೆ ಹೋಗುವಾಗ ಸದನದಲ್ಲಿ ಬಿಜೆಪಿ ಬಲ 104ಕ್ಕಿಂತ ಎಷ್ಟೋ ಹೆಚ್ಚಿತ್ತು. ಆ ಬಲಕ್ಕೆ ಹೋಲಿಸಿದರೆ ನಷ್ಟ 38ಕ್ಕಿಂತ ದೊಡ್ಡದು. ಯಾವ ಲೆಕ್ಕ ಬೇಕಾದರೂ ಹಾಕಿ, ಆದರೆ ಒಂದೇ ಲೇಖನದಲ್ಲಿ ಎರಡನ್ನೂ ಬೆರೆಸಬೇಡಿ. ಈ ಲೇಖನದ ಎಲ್ಲ ಹೋಲಿಕೆಯೂ 2018ರ ಚುನಾವಣೆಯೊಂದಿಗೆ, ಮತದಾನ ಮುಂದೂಡಿದ್ದ ರಾಜರಾಜೇಶ್ವರಿನಗರ ಮತ್ತು ಜಯನಗರದ ಫಲಿತಾಂಶವನ್ನೂ ಸೇರಿಸಿ.

ಇನ್ನು ಉಳಿದದ್ದು ಹಳೆ ಮೈಸೂರು: ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರ, ರಾಮನಗರ, ಮಂಡ್ಯ, ಹಾಸನ, ಮೈಸೂರು, ಚಾಮರಾಜನಗರದ 59 ಕ್ಷೇತ್ರ. ಇಲ್ಲಿ ಬಿಜೆಪಿ 9ರಿಂದ 6ಕ್ಕೆ ಬಂದದ್ದು ಸಣ್ಣ ಸುದ್ದಿ. ದೊಡ್ಡ ಸುದ್ದಿ ಎಂದರೆ ಜೆಡಿಎಸ್ 29ರಿಂದ 14ಕ್ಕೆ ಇಳಿದು, ಕಾಂಗ್ರೆಸ್ 19ರಿಂದ 37ಕ್ಕೆ ಏರಿದ್ದು. ಮಂಡ್ಯದಲ್ಲಿ 2018ರಲ್ಲಿ ಏಳಕ್ಕೆ ಏಳೂ ಜೆಡಿಎಸ್. 2023ರಲ್ಲಿ ಅದಕ್ಕೆ ಉಳಿದದ್ದು ಕೆ.ಆರ್. ಪೇಟೆ ಒಂದೇ. ಐದು ಕಾಂಗ್ರೆಸ್‌ಗೆ ಹೋದವು, ಮೇಲುಕೋಟೆಯಲ್ಲಿ ಕಾಂಗ್ರೆಸ್ ಬೆಂಬಲದೊಂದಿಗೆ ಸರ್ವೋದಯ ಕರ್ನಾಟಕ ಪಕ್ಷದ ದರ್ಶನ್ ಪುಟ್ಟಣ್ಣಯ್ಯ ಗೆದ್ದರು. ಹಾಸನದಲ್ಲಿ ಮಾತ್ರ ಜೆಡಿಎಸ್ ಏಳರಲ್ಲಿ ನಾಲ್ಕನ್ನು ಹಿಡಿದುಕೊಂಡಿತು. ಜೆಡಿಎಸ್‌ನಂತಹ ಪಕ್ಷಕ್ಕೆ ಶೇ. 5ರ ಇಳಿಕೆ ಇಷ್ಟು ದುಬಾರಿಯಾಗಲು ಕಾರಣ ಅದರ ಮತದ ಭೂಗೋಳ. ಆ ಶೇ. 18 ರಾಜ್ಯಕ್ಕೆಲ್ಲ ಹರಡಿದ್ದಲ್ಲ, ಕೆಲವೇ ಜಿಲ್ಲೆಗಳಲ್ಲಿ ಒತ್ತಾಗಿ ಕೂತಿದ್ದ ಮತ. ಒತ್ತಾಗಿರುವವರೆಗೆ ಕಡಿಮೆ ಮತಕ್ಕೆ ಹೆಚ್ಚು ಸೀಟು ಸಿಗುತ್ತದೆ. ಅಲ್ಲೇ ಎರಡನೇ ಸ್ಥಾನದಲ್ಲಿ ಕಾಂಗ್ರೆಸ್ ಕಾದಿದ್ದರಿಂದ, ಕರಗಿದ ಮತ ನೇರವಾಗಿ ಸೀಟನ್ನೇ ಕೊಂಡೊಯ್ದಿತು.

ಕಿತ್ತೂರು 14, ಮಧ್ಯದ ಐದು ಜಿಲ್ಲೆ 17, ಕಲ್ಯಾಣ 6, ಕರಾವಳಿ 3, ಹಳೆ ಮೈಸೂರು 3, ಒಟ್ಟು 43 ನಷ್ಟ. ಬೆಂಗಳೂರಿನ 5 ಲಾಭ ಕಳೆದರೆ 38.

ಇದೇನೂ 2023ರ ವಿಶೇಷವಲ್ಲ. ಕಾಂಗ್ರೆಸ್ಸಿನ ಹಿಂದಿನ ಅಂಕಿಗಳನ್ನು ಸಾಲಾಗಿ ಇಟ್ಟು ನೋಡಿ. 2008ರಲ್ಲಿ ಸುಮಾರು ಶೇ. 35 ಮತಕ್ಕೆ 80 ಸೀಟು. ಆಗ ಬಿಜೆಪಿ ಶೇ. 34ಕ್ಕೆ 110 ಗೆದ್ದು ಸರ್ಕಾರ ಮಾಡಿತು, ಅಂದರೆ ಹೆಚ್ಚು ಮತ ಪಡೆದ ಪಕ್ಷ 30 ಸೀಟು ಹಿಂದೆ ಬಿತ್ತು. 2013ರಲ್ಲಿ ಕಾಂಗ್ರೆಸ್‌ಗೆ ಶೇ. 36.6, ಸೀಟು 122. 2018ರಲ್ಲಿ ಮತ ಇನ್ನೂ ಏರಿ ಶೇ. 38 ಆಯಿತು, ಸೀಟು ಮತ್ತೆ 80ಕ್ಕೆ ಬಂತು. ಮತ ಹೆಚ್ಚಾಗಿ 42 ಸೀಟು ಕಳೆದುಕೊಳ್ಳುವುದು ಮೊದಲ ನೋಟಕ್ಕೆ ಅಸಾಧ್ಯ ಅನ್ನಿಸುತ್ತದೆ. ಎದುರಿಗೆ ಯಾರಿದ್ದರು ಎಂದು ನೋಡಿದರೆ ಸರಿಯಾಗಿ ಕೂಡುತ್ತದೆ. 2013ರಲ್ಲಿ ಬಿಜೆಪಿ ಒಡೆದಿತ್ತು. ಯಡಿಯೂರಪ್ಪ ಅವರ ಕರ್ನಾಟಕ ಜನತಾ ಪಕ್ಷ (ಕೆಜೆಪಿ) ಸುಮಾರು ಶೇ. 10 ಮತ ಪಡೆದು 6 ಸೀಟು ಗೆದ್ದಿತು, ಶ್ರೀರಾಮುಲು ಅವರ ಬಿಎಸ್‌ಆರ್ ಕಾಂಗ್ರೆಸ್ 4 ಗೆದ್ದಿತು, ಬಿಜೆಪಿ ಶೇ. 20ಕ್ಕೆ ಇಳಿದು 40ಕ್ಕೆ ನಿಂತಿತು. ಕೆಜೆಪಿ ಗೆದ್ದ ಆರಕ್ಕಿಂತ, ಅದರಿಂದಾಗಿ ಬಿಜೆಪಿ ಸೋತ ಕ್ಷೇತ್ರಗಳು ಎಷ್ಟೋ ಹೆಚ್ಚು. 2018ರ ಹೊತ್ತಿಗೆ ಆ ಮನೆ ಮತ್ತೆ ಒಂದಾಗಿತ್ತು. ಕಾಂಗ್ರೆಸ್ ಎಲ್ಲ ಕಡೆ ಹರಡಿಕೊಂಡು ಎರಡನೇ ಸ್ಥಾನದಲ್ಲಿ ಉಳಿಯಿತು, ಬಿಜೆಪಿ ಮಂಡ್ಯ, ರಾಮನಗರದಂತಹ ಕಡೆ ಹೆಚ್ಚು ಮತ ಖರ್ಚು ಮಾಡದೆ ಉತ್ತರದಲ್ಲೂ ಕರಾವಳಿಯಲ್ಲೂ ಗೆಲುವು ಒಟ್ಟುಮಾಡಿತು.

1989ಕ್ಕೆ ಹೋದರೆ ಇನ್ನೊಂದು ಹೋಲಿಕೆ ಸಿಗುತ್ತದೆ. ಆಗ ಕಾಂಗ್ರೆಸ್‌ಗೆ ಸುಮಾರು ಶೇ. 44 ಮತ, 178 ಸೀಟು. 2023ರಲ್ಲಿ ಸುಮಾರು ಶೇ. 43, ಸೀಟು 135. ಮತದಲ್ಲಿ ಒಂದು ಅಂಶದ ವ್ಯತ್ಯಾಸ, ಸೀಟಿನಲ್ಲಿ 43. 1989ರಲ್ಲಿ ಜನತಾ ಪರಿವಾರ ಒಡೆದು ಜನತಾದಳ, ಜನತಾ ಪಕ್ಷ ಎಂದು ಬೇರೆಬೇರೆಯಾಗಿ ನಿಂತಿತ್ತು, ಬಿಜೆಪಿ ಇನ್ನೂ ಚಿಕ್ಕದಿತ್ತು. 2023ರಲ್ಲಿ ಶೇ. 36 ಮತವಿದ್ದ ಗಟ್ಟಿ ಎದುರಾಳಿಯಿತ್ತು. ಗೆದ್ದ ಪಕ್ಷದ ಶೇಕಡಾವಾರು ಒಂದನ್ನೇ ನೋಡಿ ಸೀಟು ಅಂದಾಜು ಮಾಡುವುದು ಯಾಕೆ ಕೈಕೊಡುತ್ತದೆ ಎಂಬುದು ಇಲ್ಲಿ ಸ್ಪಷ್ಟ.

ಮತ ಯಾಕೆ ಬದಲಾಯಿತು ಎಂಬುದಕ್ಕೆ ಕಾರಣಗಳ ಪಟ್ಟಿ ಎಲ್ಲರಿಗೂ ಬಾಯಿಪಾಠ: ಗೃಹಜ್ಯೋತಿಯ 200 ಯೂನಿಟ್ ಉಚಿತ ವಿದ್ಯುತ್, ಗೃಹಲಕ್ಷ್ಮಿಯ 2,000 ರೂಪಾಯಿ, ಅನ್ನಭಾಗ್ಯ, ಯುವನಿಧಿ, ಶಕ್ತಿ ಎಂಬ ಕಾಂಗ್ರೆಸ್ಸಿನ ಐದು ಗ್ಯಾರಂಟಿ, ಬಿಜೆಪಿ ಸರ್ಕಾರದ ಮೇಲಿದ್ದ ಶೇ. 40 ಕಮಿಷನ್ ಆರೋಪ. ಮೀಸಲಾತಿ ಮರುಹಂಚಿಕೆಯ ಗೊಂದಲ. 1985ರ ನಂತರ ಯಾವ ಆಡಳಿತ ಪಕ್ಷವೂ ಮರಳಿ ಗೆಲ್ಲದ ರಾಜ್ಯದ ಸ್ವಭಾವ. ಇವೆಲ್ಲ ಕೆಲಸ ಮಾಡಿರಬಹುದು. ಆದರೆ ಒಂದು ಪರೀಕ್ಷೆ ಇಟ್ಟುಕೊಳ್ಳಿ. ಗ್ಯಾರಂಟಿ ಘೋಷಣೆ ಆದದ್ದು ಇಡೀ ರಾಜ್ಯಕ್ಕೆ. ಬೆಂಗಳೂರಿನಲ್ಲಿ ಕಾಂಗ್ರೆಸ್ ಸೀಟು ಇಳಿದು ಚಿತ್ರದುರ್ಗದಲ್ಲಿ 1ರಿಂದ 5ಕ್ಕೆ ಏರಿದ್ದನ್ನು ರಾಜ್ಯಕ್ಕೆಲ್ಲ ಒಂದೇ ಆದ ಕಾರಣವೊಂದೇ ವಿವರಿಸಲಾರದು. ಎಲ್ಲಿ ಕೆಲಸ ಮಾಡಿತು, ಎಲ್ಲಿ ಮಾಡಲಿಲ್ಲ ಎಂದು ಹೇಳದ ವಿವರಣೆ ಅರ್ಧ ವಿವರಣೆ.

ಮೀಸಲು ಕ್ಷೇತ್ರಗಳ ವಿಚಾರದಲ್ಲೂ ಇಂತಹದೇ ಅವಸರ ಕಾಣುತ್ತದೆ. ರಾಜ್ಯದ 15 ಪರಿಶಿಷ್ಟ ಪಂಗಡ ಮೀಸಲು ಕ್ಷೇತ್ರಗಳಲ್ಲಿ ಕಾಂಗ್ರೆಸ್ 14, ಜೆಡಿಎಸ್ ಒಂದು (ದೇವದುರ್ಗ) ಗೆದ್ದವು, ಬಿಜೆಪಿಗೆ ಒಂದೂ ಸಿಗಲಿಲ್ಲ. ಪಂಗಡದ ಮೀಸಲಾತಿಯನ್ನು ಶೇ. 3ರಿಂದ 7ಕ್ಕೆ ಏರಿಸಿದ್ದ ಸರ್ಕಾರಕ್ಕೆ ಇದು ದೊಡ್ಡ ಪೆಟ್ಟು ಹೌದು. ಆದರೆ ಮೀಸಲು ಕ್ಷೇತ್ರದಲ್ಲಿ ಅಭ್ಯರ್ಥಿ ಮಾತ್ರ ಆ ಸಮುದಾಯದವರು, ಮತ ಹಾಕುವವರು ಎಲ್ಲ ಸಮುದಾಯದವರೂ. ಜೊತೆಗೆ 15ರಲ್ಲಿ 10 ಕಲ್ಯಾಣ ಕರ್ನಾಟಕದಲ್ಲೇ ಇವೆ, ಅದರಲ್ಲೂ ಬಳ್ಳಾರಿ ಮತ್ತು ರಾಯಚೂರು ಎರಡೇ ಜಿಲ್ಲೆಗಳಲ್ಲಿ 8. ಚಿತ್ರದುರ್ಗದಲ್ಲಿ ಎರಡು, ದಾವಣಗೆರೆಯಲ್ಲಿ ಒಂದು. ಬಿಜೆಪಿ ಬಲವಾಗಿ ಉಳಿದ ಬೆಂಗಳೂರು, ಕರಾವಳಿಯಲ್ಲಿ ಒಂದೂ ಇಲ್ಲ. ಆ ಸೊನ್ನೆಯಲ್ಲಿ ಸಮುದಾಯದ ಪಾಲು ಎಷ್ಟು, ಪ್ರದೇಶದ ಪಾಲು ಎಷ್ಟು ಎಂದು ಬೇರೆ ಮಾಡದೆ ತೀರ್ಪು ಕೊಡಬಾರದು.

2024ರ ಲೋಕಸಭಾ ಚುನಾವಣೆ ಎದುರಾಳಿಗಳ ಲೆಕ್ಕವನ್ನು ಇನ್ನೊಂದು ಕಡೆಯಿಂದ ತೋರಿಸಿತು. ಬಿಜೆಪಿ ಮತ್ತು ಜೆಡಿಎಸ್ ಮೈತ್ರಿ ಮಾಡಿಕೊಂಡವು. ಕಾಂಗ್ರೆಸ್ ಮತ ಶೇ. 43ರಿಂದ 45ಕ್ಕೆ ಏರಿತು, ಆದರೂ 28ರಲ್ಲಿ ಗೆದ್ದದ್ದು 9. ಬಿಜೆಪಿ 17, ಜೆಡಿಎಸ್ 2. ಕಾಂಗ್ರೆಸ್ಸಿನ 45 ದೊಡ್ಡದೇ, ಎದುರಿಗೆ ಒಟ್ಟಾಗಿ ನಿಂತದ್ದು ಸುಮಾರು 52. ಇದರಿಂದ ‘2023ರಲ್ಲಿ ಬಿಜೆಪಿಯ 36 ಮತ್ತು ಜೆಡಿಎಸ್‌ನ 13 ಕೂಡಿದ್ದರೆ 49 ಆಗುತ್ತಿತ್ತು’ ಎಂಬ ಲೆಕ್ಕಕ್ಕೆ ಹಾರುವವರಿದ್ದಾರೆ. ಹಾಗೆ ಕೂಡುವುದು ಸುರಕ್ಷಿತವಲ್ಲ. ಒಂದು ಪಕ್ಷದ ಮತದಾರರೆಲ್ಲ ನಾಯಕರ ಒಪ್ಪಂದದಂತೆ ಇನ್ನೊಂದು ಚಿಹ್ನೆಗೆ ಒತ್ತುವುದಿಲ್ಲ. 2024ರಲ್ಲೇ ಮೈತ್ರಿ ಇದ್ದೂ ಹಾಸನವನ್ನು ಕಾಂಗ್ರೆಸ್ ಗೆದ್ದಿತು. ಅದೇ ವರ್ಷ ನವೆಂಬರ್‌ನಲ್ಲಿ ಚನ್ನಪಟ್ಟಣ, ಶಿಗ್ಗಾವಿ, ಸಂಡೂರು ಉಪಚುನಾವಣೆಗಳ ಮೂರನ್ನೂ ಗೆದ್ದಿತು.

ನಿಮ್ಮ ಕ್ಷೇತ್ರದ ಲೆಕ್ಕವನ್ನು ನೀವೇ ಬಿಡಿಸಿ ನೋಡಬಹುದು, ನೋಡಬೇಕು ಕೂಡ. ಅದಕ್ಕೆ ಬೇಕಾದ ದಾಖಲೆ ‘ನಮೂನೆ 20’. ಎಣಿಕೆ ಮುಗಿದ ಮೇಲೆ ಚುನಾವಣಾಧಿಕಾರಿ ಸಿದ್ಧಪಡಿಸುವ ಅಂತಿಮ ಫಲಿತಾಂಶ ಪಟ್ಟಿ ಅದು. ಮುಖ್ಯ ಚುನಾವಣಾಧಿಕಾರಿ, ಕರ್ನಾಟಕ ಅವರ ಜಾಲತಾಣದಲ್ಲಿ ಕ್ಷೇತ್ರವಾರು ಸಿಗುತ್ತದೆ. ಪ್ರತಿ ಸಾಲು ಒಂದು ಮತಗಟ್ಟೆ, ಪ್ರತಿ ಕಾಲಂ ಒಬ್ಬ ಅಭ್ಯರ್ಥಿ, ಕೊನೆಯಲ್ಲಿ ನೋಟಾ ಮತ್ತು ಒಟ್ಟು. ಅಂಚೆ ಮತಗಳ ಸಾಲು ಕೆಳಗೆ ಪ್ರತ್ಯೇಕವಾಗಿ ಇರುತ್ತದೆ. ಅದನ್ನು ಬಿಟ್ಟು ಕೂಡಿದರೆ ಅಧಿಕೃತ ಮೊತ್ತಕ್ಕೆ ತಾಳೆಯಾಗುವುದಿಲ್ಲ. 2023ರಲ್ಲಿ 80 ದಾಟಿದವರಿಗೂ ಅಂಗವಿಕಲರಿಗೂ ಮನೆಯಿಂದಲೇ ಮತ ಹಾಕುವ ಅವಕಾಶ ಇದ್ದು, ಅವೂ ಅಂಚೆ ಮತಗಳ ಲೆಕ್ಕಕ್ಕೇ ಸೇರುವುದರಿಂದ ಆ ಸಾಲು ಮೊದಲಿಗಿಂತ ದಪ್ಪವಾಗಿದೆ. ಬಿಗಿ ಹಣಾಹಣಿಯಲ್ಲಿ ಅದೇ ನಿರ್ಣಾಯಕ. ಗೆಲುವಿನ ಅಂತರ ತಿರಸ್ಕೃತ ಅಂಚೆ ಮತಗಳ ಸಂಖ್ಯೆಗಿಂತ ಕಡಿಮೆ ಇದ್ದರೆ ಆ ತಿರಸ್ಕೃತ ಮತಗಳನ್ನು ಮತ್ತೆ ಪರಿಶೀಲಿಸಲೇಬೇಕು ಎಂಬ ನಿಯಮವಿದೆ.

ಮೊದಲು 2018 ಮತ್ತು 2023ರ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ಮೂರು ಸಂಖ್ಯೆ ಬರೆದುಕೊಳ್ಳಿ: ಗೆಲುವಿನ ಅಂತರ, ಮೂರನೇ ಸ್ಥಾನದವರ ಮತ, ಒಟ್ಟು ಮತದಾನ. ಜೆಡಿಎಸ್ ಮತ ಇಳಿದು ಕಾಂಗ್ರೆಸ್ ಮತ ಏರಿದ್ದರೆ ಅದು ಮಂಡ್ಯದ ಮಾದರಿ. ಮೂರನೆಯವರು ಇದ್ದಲ್ಲೇ ಇದ್ದು ಬಿಜೆಪಿ, ಕಾಂಗ್ರೆಸ್ ನಡುವೆ ಮತ ಓಡಾಡಿದ್ದರೆ ಅದು ಹಾವೇರಿಯ ಮಾದರಿ. ಇಬ್ಬರ ಮತವೂ ಏರಿದ್ದರೆ ಮತದಾನದ ಸಂಖ್ಯೆ ನೋಡಿ, ಹೊಸ ಮತದಾರರು ಬಂದಿರಬಹುದು. ಒಟ್ಟು ಮತಗಳಲ್ಲಿ ಹೋಲಿಸಬೇಡಿ, ಶೇಕಡಾವಾರಿನಲ್ಲಿ ಹೋಲಿಸಿ, ಮತ್ತು ನೋಟಾ ಸೇರಿಸಿದ ಶೇಕಡಾವಾರೋ ಬಿಟ್ಟದ್ದೋ ಎಂಬುದನ್ನು ಎರಡೂ ವರ್ಷಕ್ಕೆ ಒಂದೇ ರೀತಿ ಇಟ್ಟುಕೊಳ್ಳಿ.

ಕ್ಷೇತ್ರದ ಗಡಿ 2008ರ ಚುನಾವಣೆಯಿಂದ ಬದಲಾಗಿಲ್ಲ, ಹಾಗಾಗಿ 2008, 2013, 2018, 2023 ನಾಲ್ಕನ್ನೂ ನೇರವಾಗಿ ಹೋಲಿಸಬಹುದು. 2004 ಮತ್ತು ಅದಕ್ಕಿಂತ ಹಿಂದಿನದನ್ನು ಕ್ಷೇತ್ರವಾರು ಹೋಲಿಸಲಾಗದು, ಹೆಸರು ಒಂದೇ ಇದ್ದರೂ ಒಳಗಿನ ಹಳ್ಳಿಗಳು ಬೇರೆ. ಜಿಲ್ಲಾವಾರು ಕೂಡುವಾಗ ಹರಪನಹಳ್ಳಿಯನ್ನು ಗಮನಿಸಿ. ಹಿಂದೆ ದಾವಣಗೆರೆಯಲ್ಲಿದ್ದ ಅದು ಈಗ, 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯಲ್ಲಿದೆ. ಎರಡೂ ವರ್ಷ ಒಂದೇ ಜಿಲ್ಲೆಗೆ ಹಾಕದಿದ್ದರೆ ಲೆಕ್ಕದಲ್ಲಿ ಒಂದು ಸೀಟು ತಪ್ಪುತ್ತದೆ. ಮತಗಟ್ಟೆ ಮಟ್ಟಕ್ಕೆ ಇಳಿದರೆ ಸಂಖ್ಯೆಯನ್ನು ನಂಬಬೇಡಿ. ಮತದಾರರು ಹೆಚ್ಚಿದಂತೆ ಮತಗಟ್ಟೆಗಳನ್ನು ಒಡೆದು ಹೊಸ ಸಂಖ್ಯೆ ಕೊಡುತ್ತಾರೆ, 2018ರ 87 ಮತ್ತು 2023ರ 87 ಬೇರೆಬೇರೆ ಊರಾಗಿರಬಹುದು. ಮತಗಟ್ಟೆ ಪಟ್ಟಿಯಲ್ಲಿ ಶಾಲೆಯ ಹೆಸರು, ಊರಿನ ಹೆಸರು ನೋಡಿ ಹೊಂದಿಸಿ, ಒಡೆದವನ್ನು ಮತ್ತೆ ಕೂಡಿ, ಆಮೇಲೆ ಕಳೆಯಿರಿ.